ಬೇಲಿ ತಂತಿಗೆ ಒಂದು ಸೆಕೆಂಡಿನ ಬಿಡುವು

ಸತ್ತೇಗಾಲದ ಪಕ್ಕದಲ್ಲೇ ಕಾವೇರಿ ಎರಡು ಕವಲಾಗಿ ಶಿವನಸಮುದ್ರವನ್ನು ಬಳಸುತ್ತದೆ. ಒಂದು ಕವಲು ಗಗನಚುಕ್ಕಿಯಲ್ಲಿ ಧುಮುಕಿದರೆ ಇನ್ನೊಂದು ಭರಚುಕ್ಕಿಯಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆರಂಭವಾದ ಇಲ್ಲಿನ ಜಲವಿದ್ಯುತ್ ಯೋಜನೆ 1902ರ ಜೂನ್ ಕೊನೆಯಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳೂ ಬೆಳಗಿದವು. ಹೊಳೆಯ ಈಚೆಗಿದ್ದ ಕೊಳ್ಳೇಗಾಲ ತಾಲ್ಲೂಕು ಆಗ ಮೈಸೂರು ಸಂಸ್ಥಾನದ್ದಲ್ಲ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. 1956ರಲ್ಲಷ್ಟೇ ಅದು ಮೈಸೂರು ರಾಜ್ಯಕ್ಕೆ ಸೇರಿತು.

ಈ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. ಇದೇ ಸೀಮೆಯ ಹೊಲಗಳಲ್ಲಿ ಹರಿಯುವ ಇನ್ನೊಂದು ಬಗೆಯ ವಿದ್ಯುತ್ತಿನ ಕಥೆ ಅಷ್ಟಾಗಿ ಬಂದಿಲ್ಲ. ಅದಕ್ಕೆ ಅಣೆಕಟ್ಟು ಬೇಡ, ಕಂಬ ಸಾಲು ಬೇಡ. ಒಂದು ಚಿಕ್ಕ ಸೌರಫಲಕ, ಒಂದು ಬ್ಯಾಟರಿ, ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಒಂದು ಪೆಟ್ಟಿಗೆ ಸಾಕು. ಕೆಲವರು ಅದನ್ನು ಝಟ್ಕಾ ಬೇಲಿ ಎನ್ನುತ್ತಾರೆ, ಕೆಲವರು ಸೋಲಾರ್ ಬೇಲಿ, ಇನ್ನು ಕೆಲವರು ಬೆಂಗಳೂರಿನ ಕಂಪನಿಯ ಹೆಸರಿನಲ್ಲಿ ಐಬೆಕ್ಸ್ ಬೇಲಿ.

ಇಲ್ಲಿ ಬೇಲಿ ಯಾಕೆ ಬೇಕೆಂದು ಕೊಳ್ಳೇಗಾಲ, ಹನೂರು, ಯಳಂದೂರಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯ, ಮತ್ತೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ, ಹೊಳೆಯ ಉದ್ದಕ್ಕೂ ಕಾವೇರಿ ವನ್ಯಧಾಮ. ಈ ಕಾಡುಗಳ ನಡುವೆ ಆನೆಗಳು ಓಡಾಡುವ ಎಡಯಾರಹಳ್ಳಿ–ದೊಡ್ಡಸಂಪಿಗೆ ಹಾದಿಯೂ ಇದೇ ಸೀಮೆಯಲ್ಲಿದೆ. ಜೋಳ ತೆನೆ ಕಟ್ಟುವ ಹೊತ್ತಿಗೆ ಆನೆ ಬರುತ್ತದೆ, ಕಾಡಂದಿಗಂತೂ ಹೊತ್ತುಗೊತ್ತಿಲ್ಲ. ಅಟ್ಟಣೆಯ ಮೇಲೆ ಕೂತು, ಪಟಾಕಿ ಹೊಡೆದು, ಕೂಗಿ ರಾತ್ರಿ ಕಳೆದವರ ದಣಿವಿನಿಂದಲೇ ಈ ಬೇಲಿಯ ಆಸೆ ಹುಟ್ಟಿದ್ದು.

ಬೇಲಿಯಲ್ಲಿ ವಿದ್ಯುತ್ ಹರಿಸುವ ಯೋಚನೆ ಹೊಸದಲ್ಲ. 1930ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಗ್ಯಾಲಘರ್ ಎಂಬ ರೈತ, ತನ್ನ ಕುದುರೆ ಕಾರಿಗೆ ಮೈ ಉಜ್ಜದಂತೆ ತಡೆಯಲು ಶಾಕ್ ಕೊಡುವ ಏರ್ಪಾಟು ಮಾಡಿಕೊಂಡ ಎನ್ನುವ ಪ್ರಸಂಗ ಅಲ್ಲಿ ಪ್ರಸಿದ್ಧ. ಅದರಿಂದ ಬೆಳೆದದ್ದು ಲೋಕದ ದೊಡ್ಡ ಬೇಲಿ ಕಂಪನಿಗಳಲ್ಲಿ ಒಂದು. ಅದೇ ಕಾಲಕ್ಕೆ ಅಮೆರಿಕದ ರೈತರು ಫೋರ್ಡ್ ಮಾಡೆಲ್ ಟಿ ಕಾರಿನ ಇಗ್ನಿಷನ್ ಕಾಯಿಲ್ ಬಿಚ್ಚಿ ತಂದು ಮನೆಯಲ್ಲೇ ಬೇಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಮನೆಯ ಲೈನನ್ನೇ ಬಲ್ಬಿನ ಮೂಲಕ ತಂತಿಗೆ ಕೊಟ್ಟವರೂ ಇದ್ದರು. ಅಂಥ ಬೇಲಿಗಳಿಗೆ ದನಕರುಗಳ ಜೊತೆ ಮಕ್ಕಳೂ ದೊಡ್ಡವರೂ ಬಲಿಯಾದರು. ವಿದ್ಯುತ್ತಿನ ಒಂದೊಂದು ಪೆಟ್ಟು, ಅಂದರೆ ಪಲ್ಸ್, ಎಷ್ಟು ಹೊತ್ತು ಇರಬೇಕು, ನಡುವೆ ಎಷ್ಟು ಬಿಡುವಿರಬೇಕು ಎಂಬ ಲೆಕ್ಕ ಹುಟ್ಟಿದ್ದು ಆ ಸಾವುಗಳ ನಂತರ.

ಆ ಲೆಕ್ಕದ ಹಿಂದಿರುವುದು ನಮ್ಮ ಮೈಯ ಗುಣ. ಮನೆಯ ಲೈನಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತ ಎಡೆಬಿಡದೆ ಹರಿಯುತ್ತದೆ. ಹತ್ತಿಪ್ಪತ್ತು ಮಿಲಿಆಂಪಿಯರ್ ಹರಿದರೂ ಅಂಗೈಯ ಸ್ನಾಯು ಬಿಗಿದು ತಂತಿಯನ್ನೇ ಹಿಡಿದುಕೊಂಡುಬಿಡುತ್ತದೆ, ಬಿಡಬೇಕೆಂದರೂ ಆಗದು. ಹೆಚ್ಚು ಹೊತ್ತು ಹರಿದರೆ ಗುಂಡಿಗೆಯ ಲಯ ತಪ್ಪುತ್ತದೆ. ಪಲ್ಸ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಇರುವುದು ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸು ಮಾತ್ರ. ಮುಂದಿನ ಪೆಟ್ಟಿನವರೆಗೆ ತಂತಿ ಸತ್ತಿರುತ್ತದೆ. ಮುಟ್ಟಿದವರು ಕೈ ಹಿಂತೆಗೆಯುವುದು, ಮುಟ್ಟಿದ ಪ್ರಾಣಿ ಹಿಂದೆ ಸರಿಯುವುದು ಆ ಬಿಡುವಿನಲ್ಲೇ. ಅಂತರರಾಷ್ಟ್ರೀಯ ಮಾನದಂಡ ಐಇಸಿ 60335-2-76 ಹೇಳುವುದೂ ಇದನ್ನೇ: ಎರಡು ಪಲ್ಸ್‌ಗಳ ನಡುವೆ ಕನಿಷ್ಠ ಒಂದು ಸೆಕೆಂಡು ಬಿಡುವು, ಒಂದು ಪಲ್ಸ್‌ನ ಶಕ್ತಿ 500 ಓಮ್ ಹೊರೆಯಲ್ಲಿ ಹೆಚ್ಚೆಂದರೆ 5 ಜೌಲ್. ನನಗೆ ಬೇಲಿಯ ಇಡೀ ವಿಜ್ಞಾನದಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಈ ಬಿಡುವು. ಸಾವಿರಾರು ವೋಲ್ಟನ್ನು ಹುಟ್ಟಿಸುವುದು ಸುಲಭ, ಅದನ್ನು ತಪ್ಪದೆ ನಿಲ್ಲಿಸುವುದು ಕಷ್ಟ.

ಹಳೆಯ ಬೇಲಿಗಳಿಗೆ ಇನ್ನೊಂದು ತೊಡಕಿತ್ತು. ಹುಲ್ಲು ಬೆಳೆದು ತಂತಿಗೆ ತಾಕಿದರೆ ಶಕ್ತಿಯೆಲ್ಲ ನೆಲಕ್ಕಿಳಿದು ಬೇಲಿ ಸೋತುಹೋಗುತ್ತಿತ್ತು. 1962ರಲ್ಲಿ ನ್ಯೂಜಿಲೆಂಡಿನ ರುವಾಕುರಾ ಕೃಷಿ ಸಂಶೋಧನಾ ಕೇಂದ್ರದ ಡಗ್ ಫಿಲಿಪ್ಸ್ ಕೆಪಾಸಿಟರಿನಲ್ಲಿ ಶಕ್ತಿ ತುಂಬಿಟ್ಟು, ಅದನ್ನು ಒಂದೇ ಏಟಿಗೆ ಟ್ರಾನ್ಸ್‌ಫಾರ್ಮರಿಗೆ ಸುರಿಯುವ ಮಾರ್ಗ ಹಿಡಿದರು. ಹುಲ್ಲು ತಾಕಿದರೂ ಪೆಟ್ಟಿನ ಬಲ ಉಳಿಯಿತು. ಇಂದಿನ ಹೆಚ್ಚಿನ ಪೆಟ್ಟಿಗೆಗಳು ಈ ದಾರಿಯಲ್ಲೇ ನಡೆಯುತ್ತವೆ.

ಅಂಥ ಪೆಟ್ಟಿಗೆಯನ್ನು ಕೈಯಲ್ಲಿ ಕಟ್ಟುವ ಆಸೆ ಹುಟ್ಟಿಸಿದ್ದು ಎರಡು ಬಿಡಿಭಾಗಗಳು. ಒಂದು ಎಸ್‌ಸಿಆರ್, ಗೇಟಿಗೆ ಸಣ್ಣ ಸೂಚನೆ ಕೊಟ್ಟರೆ ದೊಡ್ಡ ಪ್ರವಾಹಕ್ಕೆ ಬಾಗಿಲು ತೆರೆಯುವ ಸ್ವಿಚ್ಚು. ಇನ್ನೊಂದು 555 ಟೈಮರ್ ಐಸಿ. ಸಿಗ್ನೆಟಿಕ್ಸ್ ಕಂಪನಿಗಾಗಿ ಹಾನ್ಸ್ ಕ್ಯಾಮೆಂಜಿಂಡ್ 1971ರಲ್ಲಿ ರೂಪಿಸಿದ ಈ ಎಂಟು ಕಾಲಿನ ಚಿಪ್ಪು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಮೊದಲ ಪಾಠವಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂದಿಗೂ ಅದು ಕೆಲವೇ ರೂಪಾಯಿಗೆ ಸಿಗುತ್ತದೆ. 12 ವೋಲ್ಟಿನ ಬ್ಯಾಟರಿ, ಅದನ್ನು 400 ವೋಲ್ಟಿಗೆ ಏರಿಸುವ ಸಣ್ಣ ಇನ್ವರ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಟೈಮರ್, ಎಸ್‌ಸಿಆರ್, ಕೊನೆಗೊಂದು ಇಗ್ನಿಷನ್ ಕಾಯಿಲ್. ಈ ಲೆಕ್ಕದಲ್ಲಿ ಪ್ರತಿ ಪಲ್ಸ್‌ಗೆ 0.8 ಜೌಲ್ ತುಂಬುತ್ತದೆ, ಅಂದರೆ ಸೆಕೆಂಡಿಗೊಂದು ಪೆಟ್ಟು ಎಂದರೂ ಒಂದು ವಾಟಿಗಿಂತ ಕಡಿಮೆ ಖರ್ಚು. ನಷ್ಟ ಸೇರಿಸಿ ಎರಡು ವಾಟ್ ಹಿಡಿದರೂ 7 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ರಾತ್ರಿ ತಾಳುತ್ತದೆ. ಅಷ್ಟಕ್ಕೆ ಒಂದು ಸಣ್ಣ ಸೌರಫಲಕ ಸಾಲುತ್ತದೆ.

ಕೇಳಿದರೆ ಸರಳ. ಅಪಾಯ ಇರುವುದು ಕಾಗದದ ಮೇಲಿನ ನಕ್ಷೆಯಲ್ಲಲ್ಲ, ಪೆಟ್ಟಿಗೆ ಹಳತಾಗುವುದರಲ್ಲಿ. ಹನೂರಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಕೂತ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳದ್ರವ ಒಣಗುತ್ತ ಅದರ ಸಾಮರ್ಥ್ಯ ಇಳಿಯುತ್ತದೆ. 555ರ ಕಾಲವನ್ನು ನಿರ್ಧರಿಸುವುದು ಅಂಥ ಕೆಪಾಸಿಟರ್ ಆಗಿದ್ದರೆ ಬಿಡುವು ಮೆಲ್ಲಗೆ ಕುಗ್ಗುತ್ತದೆ, ಸೆಕೆಂಡಿಗೊಂದು ಇದ್ದ ಪೆಟ್ಟು ಎರಡಾಗುತ್ತದೆ, ಮೂರಾಗುತ್ತದೆ. ಬೇಲಿ ಮೊದಲಿಗಿಂತ ಚುರುಕಾಯಿತೆಂದು ಹಿಗ್ಗಿದವರಿಗೆ ಅದು ಹಾಳಾಗುತ್ತಿದೆ ಎಂದು ತಿಳಿಯುವುದಿಲ್ಲ. ಇದಕ್ಕೆ ಬಲ್ಲವರು ಕಂಡುಕೊಂಡ ಪರಿಹಾರ ನನಗೆ ಬಹಳ ಹಿಡಿಸಿದೆ: ಟೈಮರನ್ನೊಂದೇ ನಂಬಬಾರದು, 400 ವೋಲ್ಟ್ ತುಂಬುವ ಇನ್ವರ್ಟರನ್ನೇ ಬೇಕೆಂದೇ ದುರ್ಬಲವಾಗಿ ಕಟ್ಟಬೇಕು. ಕೆಪಾಸಿಟರ್ ತುಂಬಲು ಹೇಗಿದ್ದರೂ ಒಂದು ಸೆಕೆಂಡು ಹಿಡಿಯುವಂತಿದ್ದರೆ, ಟೈಮರ್ ಹುಚ್ಚು ಹಿಡಿದು ಬಡಿದರೂ ಪ್ರತಿ ಪೆಟ್ಟು ಬಡವಾಗುತ್ತದೆಯೇ ಹೊರತು ಒಟ್ಟು ಶಕ್ತಿ ಹೆಚ್ಚುವುದಿಲ್ಲ. ಜೊತೆಗೆ, ಆರಿಸಿದ ಮೇಲೆ ಕೆಪಾಸಿಟರಿನಲ್ಲಿ ಉಳಿದದ್ದನ್ನು ಇಳಿಸಲು ಒಂದು ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ರಿಪೇರಿಗೆ ಕೈ ಹಾಕಿದವರಿಗೇ ಪೆಟ್ಟು.

ನೆಲದ ಮಾತೂ ಇದೆ. ಪೆಟ್ಟಿಗೆಯಿಂದ ಹೊರಟ ಪಲ್ಸ್ ಪ್ರಾಣಿಯ ಮೈಯಿಂದ ಮಣ್ಣಿಗಿಳಿದು, ಅರ್ತಿಂಗ್ ಸರಳಿನ ಮೂಲಕ ಪೆಟ್ಟಿಗೆಗೆ ಮರಳಬೇಕು. ಬೇಸಿಗೆಯ ಒಣ ಕೆಮ್ಮಣ್ಣಿನಲ್ಲಿ ಆ ದಾರಿ ಕಡಿದುಹೋಗುತ್ತದೆ. ಬೇಲಿ ಕೆಲಸ ಮಾಡುತ್ತಿಲ್ಲವೆಂಬ ದೂರಿಗೆ ಎಷ್ಟೋ ಸಲ ಕಾರಣ ಪೆಟ್ಟಿಗೆಯಲ್ಲ, ಗೇಣುದ್ದ ಹೂತ ಒಂಟಿ ಸರಳು. ಆಳಕ್ಕೆ ಎರಡು ಮೂರು ಸರಳು ಹೊಡೆದು ಸುತ್ತ ತೇವ ಉಳಿಸಿದರೆ, ಅಥವಾ ಬೇಲಿಯಲ್ಲೇ ಒಂದು ಬಿಟ್ಟು ಒಂದು ತಂತಿಯನ್ನು ಅರ್ತಿಂಗಿಗೆ ಕೊಟ್ಟರೆ ಬೇಲಿಗೆ ಜೀವ ಬರುತ್ತದೆ.

ಆನೆಯ ಬುದ್ಧಿಯನ್ನೂ ಮರೆಯುವಂತಿಲ್ಲ. ದಂತದಲ್ಲಿ ವಿದ್ಯುತ್ ಹರಿಯದೆಂದು ಕಲಿತ ಗಂಡಾನೆ ದಂತದಿಂದಲೇ ತಂತಿ ಹರಿಯುತ್ತದೆ, ಮರ ಉರುಳಿಸಿ ಬೇಲಿ ಮಲಗಿಸುತ್ತದೆ. ಕಂಬ ಅದಕ್ಕೆ ಎಟುಕದಂತೆ ತಂತಿಗಳನ್ನು ಮೇಲಿಂದ ಇಳಿಬಿಟ್ಟ ತೂಗು ಬೇಲಿ ಬಂದದ್ದು ಹೀಗೆ. ಪ್ರತಿಯೊಂದಕ್ಕೂ ನಿತ್ಯ ನಿಗಾ ಬೇಕು.

ಇಷ್ಟೆಲ್ಲ ಇದ್ದರೂ ಆನೆಗಳೂ ಮನುಷ್ಯರೂ ಬೇಲಿಯಲ್ಲಿ ಸಾಯುತ್ತಿರುವ ಸುದ್ದಿ ನಿಂತಿಲ್ಲ. ಕಾರಣ ಪಲ್ಸ್ ಬೇಲಿಯಲ್ಲ, ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ತಂತಿಗೆ ಎಳೆದ ಕರೆಂಟು. ಅದಕ್ಕೆ ಬಿಡುವೇ ಇಲ್ಲ. ಕಾಡಂದಿಗೆಂದು ಹಾಕಿದ್ದಕ್ಕೆ ಪಕ್ಕದ ಹೊಲದವರು ಬೀಳುತ್ತಾರೆ, ನಸುಕಿನಲ್ಲಿ ನೀರು ಕಟ್ಟಲು ಹೋದ ಮನೆಯವರೇ ಬೀಳುತ್ತಾರೆ. ಕಂಬದಿಂದ ಕದ್ದು ಎಳೆದರೆ 2003ರ ವಿದ್ಯುತ್ ಕಾಯ್ದೆಯಡಿ ಕಳವು, ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು. ಬೆಳೆ ಕಳೆದುಕೊಂಡವರ ಸಂಕಟ ನಿಜ. ಆದರೆ ಆ ಸಂಕಟಕ್ಕೆ ನೇರ ಕರೆಂಟು ಮದ್ದಲ್ಲ.

ಈ ಸೀಮೆಯ ಐಟಿಐ, ಡಿಪ್ಲೊಮಾ ಹುಡುಗರು ಮನಸ್ಸು ಮಾಡಿದರೆ ಊರೂರಿನ ಬೇಲಿ ಪೆಟ್ಟಿಗೆಗಳನ್ನು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಪರೀಕ್ಷಿಸಿ ಕೊಡಬಹುದು. ರೈತರೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಗಡಿಯಾರ ನೋಡಿಕೊಂಡು ಒಂದು ನಿಮಿಷ ಪೆಟ್ಟಿಗೆಯ ಟಿಕ್ ಸದ್ದನ್ನು ಎಣಿಸಿ. 60 ದಾಟಿದರೆ ಅದನ್ನು ಕೂಡಲೇ ಆರಿಸಿ, ರಿಪೇರಿಯಾಗುವ ತನಕ ತಂತಿಗೆ ಜೋಡಿಸಬೇಡಿ.