ಗೆಜ್ಜೆ ಕಟ್ಟಿದ ಮಗುವೂ ಮನೆಯ ಹಿರಿಯರೂ

ಮಕ್ಕಳ ಏಳ್ಗೆಯನ್ನು ಬಯಸದ ತಾಯಿತಂದೆಗಳು ಲೋಕದಲ್ಲಿಲ್ಲ. ಆದರೆ ಏಳ್ಗೆ ಎಂದರೇನು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ವಿಷಯದಲ್ಲಿ ಹಿರಿಯರಾದ ನಾವು ಆಗಾಗ ಎಡವುತ್ತೇವೆ. ಓದಿನಲ್ಲಿ ಅಂಕಗಳು, ಆಟದಲ್ಲಿ ಪದಕಗಳು, ಕಲೆಯಲ್ಲಿ ಬಹುಮಾನಗಳು ಎಣಿಸಲು ಸುಲಭ. ಆದ್ದರಿಂದ ಅವುಗಳನ್ನೇ ಏಳ್ಗೆಯೆಂದು ಭಾವಿಸುವುದು ರೂಢಿಯಾಗಿಬಿಟ್ಟಿದೆ. ಈ ಮಾತನ್ನು ಪರರನ್ನು ಕುರಿತು ನಾವು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ಪಾಠ ಕಲಿತು ಹೇಳುತ್ತಿದ್ದೇವೆ.

ತಪ್ಪಿದ ಒಂದು ಜತಿ

ನಮ್ಮ ಮೊಮ್ಮಗಳು ತನ್ನ ಏಳನೆಯ ವಯಸ್ಸಿನಿಂದ ಭರತನಾಟ್ಯವನ್ನು ಕಲಿಯುತ್ತಿದ್ದಾಳೆ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಧಾರವಾಡದಿಂದ ದೂರದ ಊರೊಂದರಲ್ಲಿ ಏರ್ಪಟ್ಟಿದ್ದ ಸ್ಪರ್ಧೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ಬೆಳಗಿನ ಆರು ಗಂಟೆಗೇ ಮಗುವಿಗೆ ಮುಖಾಲಂಕಾರ ಮಾಡಿಸಿ, ಉಡುಪು ತೊಡಿಸಿ ಕೂಡ್ರಿಸಿದೆವು. ಅವಳ ಸರದಿ ಬಂದದ್ದು ಮಧ್ಯಾಹ್ನ ಮೂರು ಗಂಟೆಗೆ. ಉಡುಪು ಕೆಟ್ಟೀತೆಂಬ ಭಯದಿಂದ ಅವಳಿಗೆ ಸರಿಯಾಗಿ ಊಟವನ್ನೂ ಮಾಡಿಸಿರಲಿಲ್ಲ. ನೃತ್ಯದ ನಡುವೆ ಒಂದು ಜತಿಯನ್ನು ಮರೆತು ಮಗು ಕ್ಷಣಕಾಲ ಸ್ತಬ್ಧಳಾಗಿ ನಿಂತಳು. ಅನಂತರ ಸೇರಿಕೊಂಡು ಕೊನೆಯವರೆಗೂ ನರ್ತಿಸಿದಳು. ಬಹುಮಾನ ಬರಲಿಲ್ಲ.

ಹಿಂದಿರುಗುವಾಗ ಅವಳ ತಂದೆ, ಎಂದರೆ ನಮ್ಮ ಮಗ, ಖರ್ಚಿನ ಲೆಕ್ಕ ತೆಗೆದ. ಹಿರಿಯರಾದ ನಾವಾದರೂ ಸಮಾಧಾನದ ಮಾತನ್ನಾಡಬೇಕಿತ್ತು. ಹಾಗೆ ಮಾಡದೆ, "ಆ ಇನ್ನೊಂದು ಹುಡುಗಿ ಒಂದೂ ತಪ್ಪಲಿಲ್ಲ ನೋಡವ್ವಾ" ಎಂದುಬಿಟ್ಟೆವು. ಮಗು ಅಳಲಿಲ್ಲ, ಎದುರಾಡಲೂ ಇಲ್ಲ. ಮನೆಗೆ ಬಂದವಳೇ ಗೆಜ್ಜೆಗಳನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಳು. ಮರುದಿನ ತರಗತಿಗೆ ಹೊರಡುವ ಹೊತ್ತಿಗೆ, "ಅಜ್ಜಾ, ನಾ ಇನ್ನ ಕುಣಿಯೂದಿಲ್ಲ" ಎಂದಳು. ನಾಲ್ಕು ತಿಂಗಳು ಹಾಗೆಯೇ ಕಳೆದವು.

ಒಂದು ಸಂಜೆ ಅವಳ ನೃತ್ಯಗುರುಗಳು ತಾವಾಗಿಯೇ ಮನೆಗೆ ಬಂದರು. ಆ ತಾಯಿ ನಮ್ಮನ್ನು ಆಕ್ಷೇಪಿಸಲಿಲ್ಲ, ಒಂದು ಪ್ರಶ್ನೆ ಕೇಳಿದರು, ಅಷ್ಟೆ: "ಅಜ್ಜಾರ, ಆಕಿ ತಪ್ಪಿದ್ದನ್ನ ನೀವೆಲ್ಲಾರೂ ನೋಡೀರಿ. ತಪ್ಪಿದಾಕಿ ಮುಂದಿನ ಆವರ್ತದ ಮೊದಲನೇ ಪೆಟ್ಟಿಗೇ ಬಂದು ಕೂಡಿಕೊಂಡಳಲ್ಲ, ಅದನ್ನ ಯಾರರೆ ನೋಡಿದಿರೇನು? ನಾ ನಾಕು ವರ್ಷ ಕಲಿಸಿದ್ದು ಅದನ್ನ." ನಾವು ನಿರುತ್ತರರಾದೆವು. ಮಗು ಏನನ್ನು ಕಲಿತಿದೆ ಎಂಬುದನ್ನು ಕಾಣುವ ಕಣ್ಣೇ ನಮಗಿರಲಿಲ್ಲ. ಫಲಿತಾಂಶದ ಹಾಳೆಯನ್ನು ಓದಲು ಮಾತ್ರ ನಮಗೆ ಬರುತ್ತಿತ್ತು.

ಮನೆಯ ಹೊಸ್ತಿಲೊಳಗೆ ಬಂದ ಕಲೆ

ನಮ್ಮ ಬಾಲ್ಯದಲ್ಲಿ ಸದ್ಗೃಹಸ್ಥರ ಮನೆಯ ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದನ್ನು ಹಿರಿಯರು ಒಪ್ಪುತ್ತಿರಲಿಲ್ಲ. ಈ ಸಂಕೋಚಕ್ಕೆ ಕಾರಣವಿತ್ತು. ನೃತ್ಯವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸ್ತ್ರೀಯರನ್ನು ದೇವದಾಸಿ ಪದ್ಧತಿಯು ಕಷ್ಟಕ್ಕೆ ಈಡುಮಾಡಿತ್ತು. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿ, ಕರ್ನಾಟಕ ರಾಜ್ಯದಲ್ಲಿ ೧೯೮೨ರಲ್ಲಿ ಆ ಪದ್ಧತಿಯ ವಿರುದ್ಧ ಕಾಯಿದೆಗಳಾದವು. ಪದ್ಧತಿ ಹೋಗಬೇಕಿತ್ತು, ಆದರೆ ಆ ಸ್ತ್ರೀಯರ ವಿದ್ಯೆ ಉಳಿಯಬೇಕಿತ್ತು. ಮೈಸೂರಿನ ಜಟ್ಟಿ ತಾಯಮ್ಮನವರು ತಮ್ಮ ಅಭಿನಯವಿದ್ಯೆಯನ್ನು ಕೆ. ವೆಂಕಟಲಕ್ಷಮ್ಮನವರಿಗೆ ಧಾರೆಯೆರೆದರು. ಕಡೂರಿನ ಕಡೆಯ ತಾಂಡಾವೊಂದರ ಲಂಬಾಣಿ ಮನೆತನದಲ್ಲಿ ೧೯೦೬ರಲ್ಲಿ ಹುಟ್ಟಿದ ಆ ಬಾಲೆ ಮುಂದೆ ಅರಮನೆಯ ಕಲಾವಿದೆಯಾಗಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿ, ೧೯೯೨ರಲ್ಲಿ ಪದ್ಮಭೂಷಣ ಪುರಸ್ಕೃತರಾದರು. ರುಕ್ಮಿಣಿ ದೇವಿ ಅರುಂಡೇಲರು ಮದರಾಸಿನಲ್ಲಿ ೧೯೩೬ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಯು. ಎಸ್. ಕೃಷ್ಣರಾವ್ ಅವರು ಪತ್ನಿ ಚಂದ್ರಭಾಗಾ ದೇವಿಯವರೊಡನೆ ರಂಗವೇರಿದರು. ಗೃಹಸ್ಥ ದಂಪತಿಗಳೂ ನರ್ತಿಸಬಹುದೆಂಬುದನ್ನು, ಗಂಡುಮಕ್ಕಳಿಗೂ ಈ ಕಲೆ ಸಲ್ಲುತ್ತದೆಂಬುದನ್ನು ತೋರಿಸಿಕೊಟ್ಟರು.

ಇಂದು ಬಡಾವಣೆಗೊಂದು ನೃತ್ಯಶಾಲೆಯಿದೆ. ಹಿಂದೆ ನಾವು ಮಕ್ಕಳನ್ನು ಕಲೆಯಿಂದ ದೂರವಿರಿಸಿ ತಪ್ಪಿದೆವು. ಈಗ ಪದಕಕ್ಕಾಗಿ ಕಲೆಯೊಳಗೆ ನೂಕಿ ತಪ್ಪಬಾರದು.

ಕಲಿಕೆಯ ದಾರಿ

ಈ ವಿದ್ಯೆಯ ಮೊದಲ ಮೆಟ್ಟಿಲು ಅಡವುಗಳು. ತಟ್ಟಡವು, ನಾಟಡವು ಮೊದಲಾದ ಗುಂಪುಗಳನ್ನು ಮಗು ವಿಳಂಬ, ಮಧ್ಯ, ದ್ರುತ ಎಂಬ ಮೂರು ಕಾಲಗಳಲ್ಲಿ ಸಾಧಿಸಬೇಕು. ಮೂರು, ನಾಲ್ಕು, ಐದು, ಏಳು, ಒಂಬತ್ತು ಅಕ್ಷರಗಳ ಜತಿಭೇದಗಳು ಕಾಲಿಗೆ ಇಳಿಯಬೇಕು. ಅಭಿನಯದರ್ಪಣ ಗ್ರಂಥವು ಹೇಳುವ ಇಪ್ಪತ್ತೆಂಟು ಒಂಟಿಗೈ ಮುದ್ರೆಗಳು ಕೈಗೆ ಬರಬೇಕು. ಇಷ್ಟಾದ ಮೇಲೆಯೇ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನಗಳ ಸರಣಿ. ಈ ಸರಣಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಖಚಿತ ರೂಪ ಕೊಟ್ಟವರು ತಂಜಾವೂರಿನ ನಾಲ್ವರು ಸೋದರರು; ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದರು.

ಇದು ತಿಂಗಳುಗಳ ಕೆಲಸವಲ್ಲ, ವರ್ಷಗಳ ಕೆಲಸ. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಮಗೆ ಇದರ ಮರ್ಮ ತಿಳಿಯಬೇಕಾಗಿತ್ತು. ನಮ್ಮ ಗುರುಗಳು ಒಂದೇ ವರ್ಗವನ್ನು ತಿಂಗಳುಗಟ್ಟಲೆ ಹೇಳಿಸುತ್ತಿದ್ದರು, ಅರ್ಥವಾದದ್ದು ಅನಂತರ. ನೃತ್ಯಾಭ್ಯಾಸವೂ ಹಾಗೆಯೇ. "ಆರು ತಿಂಗಳಾಯಿತು, ಇನ್ನೂ ಒಂದು ಹಾಡಿಗೂ ಕುಣಿಸಿಲ್ಲ" ಎಂದು ತಾಯಂದಿರು ದೂರುವುದುಂಟು. ಹಾಗೆ ತಡೆದು ಕಲಿಸುವ ಗುರುವೇ ಪ್ರಾಯಶಃ ಉತ್ತಮ ಗುರು.

ಸ್ಪರ್ಧೆಯ ಅಪಾಯವಿರುವುದು ಇಲ್ಲಿಯೇ. ಒಂದು ವರ್ಣವನ್ನು ಪೂರ್ಣವಾಗಿ ಮಾಡಲು ಅರ್ಧ ಗಂಟೆಗೂ ಮಿಕ್ಕಿ ಬೇಕಾದೀತು. ಸ್ಪರ್ಧೆಯಲ್ಲಿ ದೊರೆಯುವುದು ಕೆಲವೇ ನಿಮಿಷಗಳು. ಆ ನಿಮಿಷಗಳಲ್ಲಿ ಕಣ್ಸೆಳೆಯುವ ಒಂದೆರಡು ನೃತ್ಯಗಳನ್ನೇ ವರ್ಷವಿಡೀ ತಿದ್ದಿದರೆ ಆ ನೃತ್ಯಗಳು ಹೊಳೆಯುತ್ತವೆ, ಅಡವುಗಳು ಮಾಸುತ್ತವೆ. ವರ್ಷಕ್ಕೆ ಒಂದೆರಡು ಸ್ಪರ್ಧೆಗಳು ಸಾಕು. ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂಬ ನಿರ್ಣಯ ಗುರುವಿನದಾಗಿರಲಿ.

ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಹಂತಗಳ ನೃತ್ಯ ಪರೀಕ್ಷೆಗಳು ಬಹುಕಾಲದಿಂದ ನಡೆದುಬಂದಿವೆ. ಅವುಗಳಲ್ಲಿ ಪ್ರಯೋಗದೊಡನೆ ಶಾಸ್ತ್ರಭಾಗವೂ ಇರುವುದರಿಂದ ಕಲಿಕೆಗೆ ಒಂದು ಕ್ರಮ ದೊರೆಯುತ್ತದೆ. ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು ೧೦ರಿಂದ ೧೪ ವರ್ಷದ ಮಕ್ಕಳಿಗೆ ಶಿಷ್ಯವೇತನ ನೀಡುವ ಯೋಜನೆಯನ್ನು ನಡೆಸುತ್ತ ಬಂದಿದೆ. ಶಾಲಾಮಕ್ಕಳ ಪ್ರತಿಭಾ ಕಾರಂಜಿಯೂ ಇದೆ. ಹೆಚ್ಚು ಹಣ ಬೇಡುವ ಸ್ಪರ್ಧೆಗಳಿಗೆ ಓಡುವ ಮೊದಲು ಇಂಥವುಗಳನ್ನು ವಿಚಾರಿಸುವುದು ಲೇಸು.

ದೇಹವನ್ನು ಮರೆಯಬಾರದು

ಭರತನಾಟ್ಯದ ಮೂಲಸ್ಥಿತಿ ಅರೆಮಂಡಿ. ಮೊಣಕಾಲುಗಳು ಹೊರಮುಖವಾಗಿ ಬಾಗಬೇಕು. ಈ ತಿರುವು ತೊಡೆಯ ಸಂದಿನಿಂದ ಬರಬೇಕೇ ಹೊರತು ಪಾದಗಳನ್ನು ಮಾತ್ರ ಬಲವಂತವಾಗಿ ತಿರುಗಿಸಬಾರದು. ಹಾಗೆ ಮಾಡಿದರೆ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಗಟ್ಟಿ ಸಿಮೆಂಟಿನ ಅಥವಾ ಗ್ರಾನೈಟಿನ ನೆಲದ ಮೇಲೆ ದಿನವೂ ಗಂಟೆಗಟ್ಟಲೆ ತಟ್ಟಿದರೆ ಎಳೆಯ ಕಾಲುಗಳು ದಣಿಯುತ್ತವೆ. ಎತ್ತರ ಬೇಗ ಬೇಗ ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯಲ್ಲಿಯೂ ಮೊಣಕಾಲ ಚಿಪ್ಪಿನ ಕೆಳಗೂ ನೋವು ಕಾಣಿಸುವುದುಂಟು. "ಕಲಿಯುವಾಗ ನೋವು ಸಹಜ" ಎಂದು ಅದನ್ನು ತಳ್ಳಿಹಾಕಬಾರದು. ಕೆಲವು ದಿನ ವಿಶ್ರಾಂತಿ ಕೊಟ್ಟರೂ ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಅಭ್ಯಾಸಕ್ಕೆ ಮುನ್ನ ಅಂಗಸಾಧನೆ, ವಾರಕ್ಕೊಂದು ದಿನ ಸಂಪೂರ್ಣ ಬಿಡುವು, ರಾತ್ರಿ ತುಂಬ ನಿದ್ದೆ ಅವಶ್ಯಕ.

ಆಹಾರದ ವಿಷಯದಲ್ಲಿ ತಾಯಂದಿರಿಗೆ ನಾವು ಹೇಳಬೇಕಾದುದು ಕಡಿಮೆ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಶೇಂಗಾ, ಹಾಲು, ಮೊಸರು ಇದ್ದರೆ ಸಾಕು. ಆದರೆ ತೆಳ್ಳಗೆ ಕಾಣಬೇಕೆಂದು ಬೆಳೆಯುವ ಹುಡುಗಿಯನ್ನು ಅರೆಹೊಟ್ಟೆಯಲ್ಲಿಡುವ ಪದ್ಧತಿ ಅಲ್ಲಲ್ಲಿ ಕಾಣತೊಡಗಿದೆ. ರಕ್ತಹೀನತೆ ಮೊದಲೇ ಹೆಚ್ಚಾಗಿರುವ ಆ ವಯಸ್ಸಿನಲ್ಲಿ ಇದು ದೊಡ್ಡ ಅಪರಾಧ.

ಖರ್ಚಿನ ವಿವೇಕ

ಹೊಲಿಸಿದ ರೇಷ್ಮೆಯ ಉಡುಪು, ತಲೆಯ ಆಭರಣಗಳು, ಮುಖಾಲಂಕಾರದವರ ಸಂಭಾವನೆ, ಪ್ರಯಾಣ, ಪ್ರವೇಶಶುಲ್ಕ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ರಂಗಪ್ರವೇಶವೆಂದರಂತೂ ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು, ವೀಣೆ ಅಥವಾ ಪಿಟೀಲಿನ ಮೇಳ, ಸಭಾಂಗಣ, ಆಮಂತ್ರಣ, ಊಟ ಎಲ್ಲ ಸೇರಿ ಒಂದು ಮದುವೆಯ ವೆಚ್ಚವಾಗುವುದನ್ನು ಕಂಡಿದ್ದೇವೆ. ಸಾಲ ಮಾಡಿ ಮಾಡಿದ ರಂಗಪ್ರವೇಶದ ಮರುವರ್ಷ ಗೆಜ್ಜೆ ಮುಟ್ಟದ ಮಕ್ಕಳನ್ನೂ ಕಂಡಿದ್ದೇವೆ. ರಂಗಪ್ರವೇಶವು ಕಲಾಜೀವನದ ಆರಂಭ. ಅದನ್ನು ಸಮಾಪ್ತಿಯ ಸಮಾರಂಭವಾಗಿ ಮಾಡಬಾರದು. ಸಣ್ಣ ಸಭೆಯಲ್ಲಿ, ಬಲ್ಲ ನಾಲ್ಕು ಜನರ ಎದುರಿನಲ್ಲಿ ಮಾಡಿದರೂ ಅದು ರಂಗಪ್ರವೇಶವೇ. ಉಡುಪನ್ನು ಬಾಡಿಗೆಗೆ ತರುವುದರಲ್ಲಿಯೂ ಹಿರಿಯ ವಿದ್ಯಾರ್ಥಿನಿಯಿಂದ ಪಡೆಯುವುದರಲ್ಲಿಯೂ ಕೀಳಿಲ್ಲ. ಮುಖ್ಯವಾದುದೆಂದರೆ, ಖರ್ಚಿನ ಲೆಕ್ಕವನ್ನು ಮಗುವಿನ ಮುಂದೆ ತೆಗೆಯಬಾರದು. ಆ ಲೆಕ್ಕ ಕೇಳಿದ ಮಗುವಿಗೆ ಪ್ರತಿ ಹೆಜ್ಜೆಯೂ ಋಣವಾಗಿ ತೋರುತ್ತದೆ.

ಸ್ಪರ್ಧೆಯ ದಿನ

ಸ್ಪರ್ಧೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅಪರಿಚಿತ ಸಭೆಯನ್ನು ಎದುರಿಸುವ ಧೈರ್ಯ, ಸಮವಯಸ್ಕರ ಕಲೆಯನ್ನು ನೋಡುವ ಅವಕಾಶ ಅಲ್ಲಿ ದೊರೆಯುತ್ತವೆ. ಆದರೆ ಕೆಲವು ಎಚ್ಚರಗಳು ಬೇಕು. ವೇದಿಕೆಯ ನೆಲ ಹೇಗಿದೆ, ಸರದಿ ಯಾವಾಗ ಬಂದೀತು, ಒಂದೇ ವಯಸ್ಸಿನ ಮಕ್ಕಳಲ್ಲಿ ಸ್ಪರ್ಧೆಯೇ, ತೀರ್ಪುಗಾರರು ಈ ಕಲೆಯನ್ನು ಬಲ್ಲವರೇ ಎಂದು ಮೊದಲೇ ವಿಚಾರಿಸಬೇಕು. ಸರದಿಗೆ ಬಹಳ ಮೊದಲು ಉಡುಪು ತೊಡಿಸಬಾರದು. ಲಘುವಾದ ಊಟ, ಬೇಕಾದಷ್ಟು ನೀರು ಕೊಡಬೇಕು. ವೇದಿಕೆಯ ಪಕ್ಕದಲ್ಲಿ ನಿಂತು ಕೈಸನ್ನೆಯಿಂದ ತಿದ್ದುವ ಚಪಲವನ್ನು ತಾಯಂದಿರು ಬಿಡಬೇಕು. ಮಗು ಇಳಿದು ಬಂದೊಡನೆ ಮೊದಲು ನೀರು. ವಿಮರ್ಶೆ ಅಂದು ಬೇಡ. ತಪ್ಪನ್ನು ತಿದ್ದುವುದು ಗುರುವಿನ ಕೆಲಸ, ಅದೂ ಮರುದಿನ ತರಗತಿಯಲ್ಲಿ. ಬೇರೆ ಮಗುವಿನೊಡನೆ ಹೋಲಿಸುವುದಂತೂ ಎಂದಿಗೂ ಸಲ್ಲದು. ಬದಲಿಗೆ, ಗೆದ್ದ ಮಗುವನ್ನು ಅಭಿನಂದಿಸಲು ನಮ್ಮ ಮಗುವನ್ನು ಕರೆದೊಯ್ಯಬೇಕು.

ದೂರದರ್ಶಕದ ನೃತ್ಯಸ್ಪರ್ಧೆಗಳ ಆಕರ್ಷಣೆಯೂ ಈಗ ಪ್ರಬಲವಾಗಿದೆ. ವಯಸ್ಸಿಗೆ ಒಪ್ಪದ ಹಾವಭಾವಗಳನ್ನು ಮಕ್ಕಳಿಂದ ಮಾಡಿಸಬಾರದೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ೨೦೧೯ರ ಜೂನ್ ತಿಂಗಳಿನಲ್ಲಿ ವಾಹಿನಿಗಳಿಗೆ ಸೂಚನೆ ಕೊಡಬೇಕಾಗಿ ಬಂದಿತು. ಸರ್ಕಾರ ಹೇಳುವವರೆಗೆ ತಾಯಿತಂದೆಗಳು ಕಾಯಬೇಕಾಗಿಲ್ಲ.

ಗೆಜ್ಜೆ ಮತ್ತೆ ಹೊರಬಂದ ಬಗೆ

ಗುರುಗಳು ಬಂದು ಹೋದ ಮರುದಿನ ನಾವು ಮೊಮ್ಮಗಳನ್ನು ಕರೆದು, "ನಿನ್ನ ಮನಸ್ಸು ನೋಯಿಸಿದೆವು, ತಪ್ಪಾಯಿತು" ಎಂದೆವು. ಅವಳು ಏನೂ ಹೇಳಲಿಲ್ಲ. ಮತ್ತೆ ಕುಣಿಯೆಂದು ನಾವೂ ಹೇಳಲಿಲ್ಲ. "ನಮಗೆ ತಾಳ ಹಾಕಲು ಬರುವುದಿಲ್ಲ, ಕಲಿಸುತ್ತೀಯಾ?" ಎಂದು ಕೇಳಿದೆವು. ಆದಿತಾಳಕ್ಕೆ ಎಂಟು ಅಕ್ಷರ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಅನಂತರ ಎರಡು ಸಲ ಪೆಟ್ಟು ಮತ್ತು ಹುಸಿ. ಕೇಳಲು ಸರಳ, ಬಾಯಲ್ಲಿ ಜತಿ ಹೇಳುತ್ತ ತೊಡೆಯ ಮೇಲೆ ಹಾಕಹೋದರೆ ಮೂರನೆಯ ಆವರ್ತಕ್ಕೇ ಕೈ ತಪ್ಪುತ್ತಿತ್ತು. ಮಗು ನಗುತ್ತಿದ್ದಳು. "ಅಜ್ಜಾ, ತಪ್ಪಿದ್ರ ನಿಂದರಬ್ಯಾಡ, ಮುಂದಿನ ಪೆಟ್ಟಿಗೆ ಕೂಡಿಕೊ" ಎಂದು ತನ್ನ ಗುರುಗಳ ಧಾಟಿಯಲ್ಲಿಯೇ ತಿದ್ದುತ್ತಿದ್ದಳು. ಅರವತ್ತು ದಾಟಿದ ನಮಗೆ ಆಗ ತಿಳಿಯಿತು, ಆ ದಿನ ವೇದಿಕೆಯ ಮೇಲೆ ಅವಳು ಮಾಡಿದ್ದು ಎಂಥ ಕೆಲಸವೆಂಬುದು. ಹೀಗೆ ತಾಳ ಹಾಕಿಸುತ್ತ ಒಂದು ದಿನ ಅವಳೇ ಎದ್ದು ಟ್ರಂಕನ್ನು ತೆರೆದಳು.

ಈಗ ಅವಳಿಗೆ ಹದಿನೈದು ವರ್ಷ. ಜೂನಿಯರ್ ಪರೀಕ್ಷೆ ಮುಗಿದಿದೆ. ಶಾಸ್ತ್ರದ ಸಂಸ್ಕೃತ ಶ್ಲೋಕಗಳಿಗೆ ಅರ್ಥ ಹೇಳುವ ಭಾಗ್ಯ ನಮ್ಮದಾಯಿತು. ಕಳೆದ ವರ್ಷ ಮತ್ತೆ ಒಂದು ಸ್ಪರ್ಧೆಗೆ ಹೋಗಿದ್ದೆವು. ಆಗಲೂ ಬಹುಮಾನ ಬರಲಿಲ್ಲ. ವಾಹನ ಹತ್ತುವಾಗ, "ಅಜ್ಜಾ, ಹಸಿವಾಗೇತಿ" ಎಂದಳು. ದಾರಿಯಲ್ಲಿ ಇಳಿದು ಎಲ್ಲರೂ ಗಿರಮಿಟ್ಟು ತಿಂದು, ಚಹಾ ಕುಡಿದು ನಗುನಗುತ್ತ ಮನೆಗೆ ಬಂದೆವು. ಮರುದಿನ ಅವಳು ಎಂದಿನ ಹೊತ್ತಿಗೆ ತರಗತಿಗೆ ಹೋದಳು.

ಮಕ್ಕಳನ್ನು ಪ್ರೋತ್ಸಾಹಿಸುವುದೆಂದರೆ ಅವರ ಹಿಂದೆ ನಿಂತು ನೂಕುವುದಲ್ಲ. ಅವರು ಕಲಿತದ್ದನ್ನು ಕಾಣುವ ಕಣ್ಣನ್ನು ನಾವು ಪಡೆಯುವುದು. ಅದಕ್ಕಾಗಿ ಹಿರಿಯರು ಸ್ವಲ್ಪವಾದರೂ ವಿದ್ಯಾರ್ಥಿಗಳಾಗಬೇಕು. ಬಹುಮಾನ ಬಂದರೆ ಸಂತೋಷಪಡೋಣ. ಬಾರದಿದ್ದರೆ ಮುಂದಿನ ಪೆಟ್ಟಿಗೆ ಕೂಡಿಕೊಳ್ಳೋಣ. ಮನೆಮನೆಯಲ್ಲಿ ಗೆಜ್ಜೆ ಕಟ್ಟಿದ ಮಕ್ಕಳು ಅಂಜಿಕೆಯಿಲ್ಲದೆ ನರ್ತಿಸುವಂತಾಗಲಿ ಎಂದು ಹಾರೈಸುತ್ತೇವೆ.