ಒಲಿದು ಬಂದ ಕಾವಲುಗಾರ

ಜಾತ್ರೆಯ ದಿನ ತೇರುಬೀದಿಯ ತಿರುವಿನಲ್ಲಿ ಜನಸಂದಣಿಯನ್ನು ಸರಿಪಡಿಸುತ್ತ ನಿಂತ ಖಾಕಿ ಉಡುಪಿನವನನ್ನು ನಾವು ಪೋಲೀಸಿನವನೆಂದೇ ತಿಳಿಯುತ್ತೇವೆ. ವಿಚಾರಿಸಿದರೆ ಆತನು ನೇಯ್ಗೆಯವನೋ, ಅಂಗಡಿಯವನೋ, ವ್ಯವಸಾಯಗಾರನೋ ಆಗಿರಬಹುದು. ತನ್ನ ಕಸುಬಿನಿಂದ ಬಿಡುವು ಮಾಡಿಕೊಂಡು ಪೋಲೀಸರ ನೆರವಿಗೆ ಬಂದ ಗೃಹರಕ್ಷಕನು ಆತ. ಇಂಥವರನ್ನು ಸಭೆಗೆ ಕರೆದು, ಹಾರ ಹಾಕಿ, ಪದಕವಿತ್ತು ಮನ್ನಿಸುವ ಪದ್ಧತಿಯುಂಟು. ಈ ಮನ್ನಣೆ ಯಾವಾಗ ಸಾರ್ಥಕ, ಯಾವಾಗ ಬರಿಯ ಉಪಚಾರ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಊರನ್ನು ಕಾಯುವುದು ಊರಿನವರದೇ ಹೊಣೆಯೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ಗ್ರಾಮಗಳಲ್ಲಿ ಕಾವಲಿಗೆ ತಳವಾರನಿದ್ದನು. ಆತನಿಗೆ ಬೆಳೆಯಲ್ಲಿ ಆಯ ಸಲ್ಲುತ್ತಿತ್ತು. ಆದರೆ ಕಳ್ಳರು ತುರುಗಳನ್ನು ಅಟ್ಟಿಕೊಂಡು ಹೋದಾಗ, ಬೆನ್ನಟ್ಟಿ ಕಾದಾಡಿ ಮಡಿದವರು ತಳವಾರರು ಮಾತ್ರವಲ್ಲ. ಅಂಥವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು ಕನ್ನಡನಾಡಿನ ಎಷ್ಟೋ ಊರುಗಳಲ್ಲಿ ಇಂದಿಗೂ ಇವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ—ಇದು ಅನೇಕ ಕಲ್ಲುಗಳಲ್ಲಿ ಕಾಣುವ ಕ್ರಮ. ಇಷ್ಟಕ್ಕೇ ಹಿರಿಯರು ಸುಮ್ಮನಾಗಲಿಲ್ಲ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ರೂಢಿಯೂ ಇತ್ತು. ನೆತ್ತರುಗೊಡಗೆಯೆಂದು ಅದಕ್ಕೆ ಹೆಸರು. ಕಲ್ಲು ಕೀರ್ತಿಗೆ, ಭೂಮಿ ಹೆಂಡಿರುಮಕ್ಕಳ ಅನ್ನಕ್ಕೆ. ಮನ್ನಣೆಯ ಈ ಎರಡು ಅಂಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಚಿನ ಕಾಲಕ್ಕೆ ಬರೋಣ.

ಇಂಗ್ಲೆಂಡಿನಲ್ಲಿ ಪೀಲ್ ಮಹಾಶಯನು 1829ರಲ್ಲಿ ಲಂಡನ್ನಿಗೆ ಸಂಬಳದ ಪೋಲೀಸು ಪಡೆಯನ್ನು ಕಟ್ಟಿದನು. ಎರಡೇ ವರ್ಷಗಳಲ್ಲಿ, 1831ರ ಕಾಯಿದೆಯು, ಗಲಭೆಯ ಭಯವಿದ್ದಾಗ ಸಾಮಾನ್ಯ ನಾಗರಿಕರನ್ನೂ ವಿಶೇಷ ಕಾನ್‌ಸ್ಟೇಬಲುಗಳನ್ನಾಗಿ ನೇಮಿಸುವ ಅಧಿಕಾರವನ್ನು ನ್ಯಾಯಾಧಿಪತಿಗಳಿಗೆ ಸ್ಪಷ್ಟಪಡಿಸಿತು. 1848ರ ಚಾರ್ಟಿಸ್ಟ್ ಚಳವಳಿಯ ಕಾಲದಲ್ಲಿ ಹಾಗೆ ಹೆಸರು ಕೊಟ್ಟವರಲ್ಲಿ, ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಲೂಯಿ ನೆಪೋಲಿಯನ್ನನೂ ಒಬ್ಬನು. ಮೊದಲನೆಯ ಮಹಾಯುದ್ಧದಲ್ಲಿ ದುಡಿದ ಇಂಥ ನಾಗರಿಕರ ಸೇವೆಯನ್ನು ನೆನೆದು 1919ರಲ್ಲಿ ದೀರ್ಘಸೇವಾ ಪದಕವೊಂದನ್ನು ಸ್ಥಾಪಿಸಿದರು. ಶೌರ್ಯದ ಒಂದು ಗಳಿಗೆಗಲ್ಲದೆ, ವರ್ಷಗಟ್ಟಲೆ ತಪ್ಪದೆ ಬಂದ ನಿಷ್ಠೆಗೂ ಗೌರವ ಸಲ್ಲಬೇಕೆಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ.

ಭಾರತದ 1861ರ ಪೋಲೀಸು ಕಾಯಿದೆಯಲ್ಲಿಯೂ ಇದೇ ಏರ್ಪಾಡು ಬಂದಿತು. ಇರುವ ಪೋಲೀಸರು ಸಾಲದೆ ಹೋದಾಗ ನೆರೆಹೊರೆಯ ನಿವಾಸಿಗಳನ್ನು ಮ್ಯಾಜಿಸ್ಟ್ರೇಟರು ನೇಮಿಸಬಹುದಾಗಿತ್ತು. ತಕ್ಕ ಕಾರಣವಿಲ್ಲದೆ ಒಲ್ಲೆನೆಂದವರಿಗೆ 50 ರೂಪಾಯಿಗಳವರೆಗೆ ದಂಡ. ಇದು ಕರೆದು ತಂದ ಕಾವಲೇ ಹೊರತು ಒಲಿದು ಬಂದುದಲ್ಲ. ದಂಡಕ್ಕೆ ಅಂಜಿ ಬಂದವನ ಕೊರಳಿಗೆ ಹಾರ ಹಾಕಿದರೆ ಆತನಿಗೂ ನಾಚಿಕೆ, ನಮಗೂ ನಾಚಿಕೆ.

ಸ್ವಂತ ಇಚ್ಛೆಯಿಂದ ಬರುವವರ ಸಂಸ್ಥೆ ಬೆಳೆದುದು ಮುಂಬಯಿಯಲ್ಲಿ. ಕೋಮು ಗಲಭೆಗಳ ಆ ದಿನಗಳಲ್ಲಿ, 1946ನೆಯ ಡಿಸೆಂಬರ್ 6ರಂದು, ಅಲ್ಲಿ ಗೃಹರಕ್ಷಕ ದಳ ಹುಟ್ಟಿತು. ಕೆಲಸಕ್ಕೆ ಕರೆದಾಗ ಅವರಿಗೆ ಪೋಲೀಸರಿಗಿರುವ ಅಧಿಕಾರವೂ ರಕ್ಷಣೆಯೂ ಇರತಕ್ಕದ್ದೆಂದು ಮರುವರ್ಷದ ಶಾಸನ ವಿಧಿಸಿತು. 1962ರ ಚೀನಾ ಆಕ್ರಮಣದ ಬಳಿಕ ಈ ಏರ್ಪಾಡು ದೇಶದಲ್ಲಿ ವ್ಯಾಪಿಸಿತು. ಮೈಸೂರು ರಾಜ್ಯದ ಗೃಹರಕ್ಷಕ ಶಾಸನವೂ 1962ರದೇ. ಡಿಸೆಂಬರ್ 6 ಇಂದಿಗೂ ಅವರ ದಿನ. ರಾಷ್ಟ್ರಪತಿಗಳ ಪದಕಗಳೂ ಅವರಿಗೆ ಸಲ್ಲುತ್ತವೆ. ಹೀಗೆ ಕಲ್ಲಿನ ಅಂಗ ಸಂದಿತು. ಭೂಮಿಯ ಅಂಗ ಸಂದಿತೆ?

ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಹಿಮಾಚಲ ಪ್ರದೇಶ ಮೊದಲಾದ ಕಡೆಯ ಗೃಹರಕ್ಷಕರ ಮೊಕದ್ದಮೆಯಲ್ಲಿ, 2015ರಲ್ಲಿ, ಇವರು ಕಾಯಂ ನೌಕರರಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ಮೂವತ್ತು ದಿನಗಳ ಕರ್ತವ್ಯಭತ್ಯವು ಪೋಲೀಸು ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗುವಂತಿರಬೇಕೆಂದೂ ವಿಧಿಸಿತು. ವರ್ಷವೆಲ್ಲ ದುಡಿಸಿಕೊಂಡು ‘ಸ್ವಯಂಸೇವಕ’ ಎಂಬ ಹೆಸರಿನ ಮರೆಯಲ್ಲಿ ಹೊಟ್ಟೆಯನ್ನು ಮರೆಯಲಾಗದೆಂಬುದೇ ಇದರಿಂದ ನಾವು ಕಲಿಯಬೇಕಾದುದು.

ಇದಕ್ಕಿಂತ ಕಠಿನವಾದ ಪಾಠ 2011ರದು. ಛತ್ತೀಸಗಢದಲ್ಲಿ ಬುಡಕಟ್ಟಿನ ತರುಣರನ್ನು ತಿಂಗಳಿಗೆ 3,000 ರೂಪಾಯಿಗಳ ಗೌರವಧನಕ್ಕೆ ವಿಶೇಷ ಪೋಲೀಸು ಅಧಿಕಾರಿಗಳನ್ನಾಗಿ ನೇಮಿಸಿ, ಅಲ್ಪ ಶಿಕ್ಷಣ ಕೊಟ್ಟು, ಮಾವೋವಾದಿಗಳ ಎದುರಿಗೆ ನಿಲ್ಲಿಸಿದ್ದರು. ಅವರನ್ನು ಆ ಕಾರ್ಯಾಚರಣೆಗಳಲ್ಲಿ ಬಳಸುವುದನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತು. ಧನಕ್ಕೆ ಗೌರವವೆಂಬ ವಿಶೇಷಣವನ್ನು ಹಚ್ಚಿದ ಮಾತ್ರಕ್ಕೆ ಪ್ರಾಣಕ್ಕೆ ಗೌರವ ಸಂದಂತಾಗಲಿಲ್ಲ.

ಆದುದರಿಂದ, ಊರಿನ ಸಭೆಗೆ ಗೃಹರಕ್ಷಕರನ್ನು ಕರೆಯುವಾಗ ನಾವು ಕೆಲವನ್ನು ಕೇಳಿಕೊಳ್ಳಬೇಕು. ಈತನಿಗೆ ತಕ್ಕ ಶಿಕ್ಷಣ ದೊರೆತಿದೆಯೆ? ಭತ್ಯ ಕಾಲಕ್ಕೆ ಕೈಸೇರಿತೆ? ಕರ್ತವ್ಯದಲ್ಲಿ ಕೈಕಾಲು ಮುರಿದರೆ ಮನೆಯನ್ನು ನೋಡಿಕೊಳ್ಳುವವರು ಯಾರು? ಪೋಲೀಸರು ಮಾಡಬೇಕಾದ ಅಪಾಯದ ಕೆಲಸವನ್ನು ಈತನ ತಲೆಗೆ ಕಟ್ಟಿಲ್ಲವಷ್ಟೆ? ಇವಕ್ಕೆ ಸಮಾಧಾನಕರವಾದ ಉತ್ತರವಿದ್ದರೆ ಹಾರವನ್ನು ಧಾರಾಳವಾಗಿ ಹಾಕೋಣ. ಆಗಲೂ ‘ಸೇವೆ ಸಲ್ಲಿಸಿದ ಮಹನೀಯರು’ ಎಂದು ಒಟ್ಟಾಗಿ ಹೇಳಿ ಮುಗಿಸದೆ, ಒಬ್ಬೊಬ್ಬರ ಹೆಸರು ಹಿಡಿದು, ಯಾವ ನೆರೆಯಲ್ಲಿ, ಯಾವ ಜಾತ್ರೆಯಲ್ಲಿ, ಎಷ್ಟು ರಾತ್ರಿ ನಿಂತರೆಂದು ಓದಿ ಹೇಳುವುದು ಉಚಿತ. ವೀರಗಲ್ಲಿನ ಶಾಸನಗಳೂ ಹೆಸರನ್ನೂ ಕಾರ್ಯವನ್ನೂ ಹೀಗೆಯೇ ಬಿಡಿಸಿ ಹೇಳುತ್ತವೆ.