ಗಡೀಪಾರು: ತಪ್ಪು ಯಾರದು, ಶಿಕ್ಷೆ ಯಾರಿಗೆ?



ನಮ್ಮ ಕರಾವಳಿಯಿಂದ ಮನೆಗೆಲಸಕ್ಕೆಂದು ಕುವೈತಿನಂಥ ಕೊಲ್ಲಿ ದೇಶಗಳಿಗೆ ಹೋದ ಹೆಂಗಸರು ಅನೇಕರು. ಅವರಲ್ಲೊಬ್ಬಳನ್ನು ಅಲ್ಲಿಯ ಪೊಲೀಸರು ಹಿಡಿದು ವಾಪಸು ಕಳುಹಿಸಿದರೆ, "ಏನೋ ತಪ್ಪು ಮಾಡಿರಬೇಕು" ಅಂತ ಊರವರು ಹೇಳಿಬಿಡುತ್ತಾರೆ. ಹಾಗೆ ಹೇಳುವ ಮೊದಲು ಕಾನೂನು ಹೇಗೆ ನಡೆಯುತ್ತದೆಂದು ತಿಳಿಯೋಣ.

ಕುವೈತಿನಲ್ಲಿ ಕೆಲಸದಾಕೆಯ ವಾಸದ ಪರವಾನಗಿ ಮಾಲೀಕನ ಹೆಸರಿಗೆ ಅಂಟಿಕೊಂಡಿರುತ್ತದೆ. ಇದಕ್ಕೆ 'ಕಫಾಲಾ' ಪದ್ಧತಿ ಎನ್ನುತ್ತಾರೆ. ಸಂಬಳ ಸಿಗದೆ ಅಥವಾ ಹೊಡೆತ ತಾಳಲಾರದೆ ಆಕೆ ಮನೆಬಿಟ್ಟು ಹೊರಬಂದರೆ, ಮಾಲೀಕ 'ಓಡಿಹೋದಳು' ಅಂತ ದೂರು ಕೊಡಬಹುದು. ಅಲ್ಲಿಂದ ಮುಂದೆ ಆಕೆ ಅಕ್ರಮ ವಾಸಿ. ಸಿಕ್ಕಿಬಿದ್ದರೆ ಬಂಧನ, ಗಡೀಪಾರು. ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು ಎಂದು 2015ರ ಕುವೈತ್ ಕಾನೂನೇ ಹೇಳುತ್ತದೆ. ಆದರೂ ಎಷ್ಟೋ ಪಾಸ್‌ಪೋರ್ಟುಗಳು ಮಾಲೀಕರ ಕಪಾಟಿನಲ್ಲೇ ಇರುತ್ತವೆ.

"ಪ್ರತಿ ದೇಶಕ್ಕೂ ತನ್ನ ನಿಯಮ ಜಾರಿ ಮಾಡುವ ಹಕ್ಕಿಲ್ಲವೇ?" ಎಂದು ನೀವು ಕೇಳಬಹುದು. ಖಂಡಿತ ಇದೆ. ಆದರೆ ಕಳುಹಿಸುವ ಮೊದಲು ಆಕೆಯ ಮಾತು ಕೇಳಬೇಕು, ಬಾಕಿ ಸಂಬಳ ಕೊಡಿಸಬೇಕು, ಮಾಲೀಕನನ್ನೂ ವಿಚಾರಿಸಬೇಕು. ಒಬ್ಬರನ್ನು ಮಾತ್ರ ಶಿಕ್ಷಿಸಿದರೆ ಅದು ನ್ಯಾಯವಾಗದು.

ಕುವೈತ್ 2018, 2020 ಮತ್ತು 2024ರಲ್ಲಿ ಕ್ಷಮಾದಾನ ಘೋಷಿಸಿತು. ಪರವಾನಗಿ ಇಲ್ಲದವರು ದಂಡ ಕಟ್ಟದೆ ಊರಿಗೆ ಮರಳಬಹುದಿತ್ತು. ಇದರಿಂದ ಬಹಳ ಜನರಿಗೆ ಉಪಕಾರವಾಯಿತು, ನಿಜ. ಆದರೆ ದುಡಿದ ಸಂಬಳವೇ ಸಿಗದವಳಿಗೆ 'ನಿನ್ನನ್ನು ಕ್ಷಮಿಸಿದ್ದೇವೆ' ಎಂದರೆ ಏನರ್ಥ? ಆಕೆಗೆ ಬೇಕಾದದ್ದು ಆಕೆಯ ಹಣ.

ನಮ್ಮ ಕಡೆಯಲ್ಲೂ ಲೋಪವಿದೆ. ಹತ್ತನೇ ತರಗತಿ ಪಾಸಾಗದವರು ಆ ದೇಶಗಳಿಗೆ ಕೆಲಸಕ್ಕೆ ಹೋಗಲು ಸರಕಾರದ ವಲಸೆ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಇಂಥ ಹೆಂಗಸರಿಗೆ 30 ವರ್ಷ ತುಂಬಿರಬೇಕು. ಇದನ್ನು ತಪ್ಪಿಸಲು ಕೆಲವು ಏಜೆಂಟರು ವಿಸಿಟ್ ವೀಸಾದಲ್ಲಿ ಕಳುಹಿಸುತ್ತಾರೆ. ವೀಸಾ ಮುಗಿದ ದಿನವೇ ಆಕೆ ಅಪರಾಧಿ, ಏಜೆಂಟನಾದರೋ ಊರಲ್ಲಿ ಹಾಯಾಗಿರುತ್ತಾನೆ.

ನಮ್ಮ ಸಂಘಗಳಲ್ಲಿ ಇಷ್ಟನ್ನಾದರೂ ಮಾಡೋಣ:

* ವಿದೇಶಕ್ಕೆ ಹೊರಟವಳ ಏಜೆಂಟನಿಗೆ ಸರಕಾರದ ಲೈಸೆನ್ಸ್ ಇದೆಯೇ ಎಂದು ವಿಚಾರಿಸೋಣ. ವಿಸಿಟ್ ವೀಸಾ ಆದರೆ ಬೇಡವೇ ಬೇಡ.
* ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರುಪತ್ರಗಳ ಒಂದೊಂದು ಪ್ರತಿ ಮನೆಯಲ್ಲಿರಲಿ.
* ಕಷ್ಟ ಬಂದರೆ ಭಾರತೀಯ ರಾಯಭಾರ ಕಚೇರಿಗೆ ಹೋಗಲು ಹೇಳೋಣ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಊಟ, ವಸತಿ, ವಿಮಾನದ ಟಿಕೆಟ್‌ಗೆ ಸಹಾಯ ಸಿಗಬಹುದು.
* ಬರಿಗೈಲಿ ಮರಳಿದವಳ ಸಾಲದ ಕಂತಿಗೆ ಸ್ವಲ್ಪ ಕಾಲಾವಕಾಶ ಕೊಡೋಣ.

ಆಕೆ ಸಭೆಗೆ ಬಂದಾಗ "ಏನು ತಪ್ಪು ಮಾಡಿದೆ?" ಅಂತ ಕೇಳುವುದು ಬೇಡ. "ನಿನಗೆ ಎಷ್ಟು ಸಂಬಳ ಬರಬೇಕಿತ್ತು?" ಎಂದು ಕೇಳಿ, ಬರೆದಿಡೋಣ.